‘ನಾವು’ ಅಂದ್ರ ಯಾರವಾ?

ಕಾಕಾರ ಬಲಗಿವಿಯ ಮುಂದೆ, ಕೆನ್ನೆ ಶುರುವಾಗುವ ಕಡೆ, ರೂಪಾಯಿ ಅಗಲದ ಒಂದು ಕಪ್ಪು ಗುರುತಿತ್ತು. ಮಚ್ಚೆಯಲ್ಲ, ಗ್ರೀಸು. ಓಡುತ್ತಿರುವ ಗೇರ್‌ಬಾಕ್ಸಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ಮೊನೆ ಒತ್ತಿ, ಅದರ ಮರದ ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಸದ್ದು ಅಳೆಯುವ ಉಪಕರಣಗಳು ಪಕ್ಕದ ಮೇಜಿನ ಮೇಲೇ ಇರುತ್ತಿದ್ದವು, ಅವನ್ನೂ ಚೆನ್ನಾಗಿಯೇ ಬಲ್ಲವರು. ಆದರೆ ಅವರ ಲೆಕ್ಕದಲ್ಲಿ ಮೊದಲು ಕಿವಿ, ಆಮೇಲೆ ಗ್ರಾಫು. ಪ್ರತಿ ಭಾನುವಾರ ಸೋಪು ಹಚ್ಚಿ ತಿಕ್ಕಿದರೂ ಈ ಮಸಿ ಬಿಡುವುದಿಲ್ಲ ಎಂದು ಅವರ ಹೆಂಡತಿ ಬಂದವರೆದುರು ದೂರುತ್ತಿದ್ದರು.

ಧಾರವಾಡದವರು. ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿಗೆ ಬಂದು, ಕೊವೆಂಟ್ರಿಯ ಒಂದು ಕಾರು ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರಾಗಿ ನೆಲೆ ನಿಂತವರು. ಆ ಕಡೆಯ ಕನ್ನಡಿಗರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಬಾಯಿ ಒರಟು. ಮೊದಲ ಸಲ ಕೇಳಿದವರು ಇವರಿಗೆ ನಮ್ಮ ಮೇಲೆ ಏನೋ ಕೋಪ ಅಂದುಕೊಳ್ಳಬೇಕು, ಅಷ್ಟು.

ನಾನು ಮೈಸೂರಿನವಳು. ಲಫ್‌ಬರೋದಲ್ಲಿ ಎಂಎಸ್ಸಿ ಮಾಡಲು ಬಂದಿದ್ದೆ. ವಾಹನಗಳ ಸದ್ದು ಮತ್ತು ನಡುಕ ನನ್ನ ವಿಷಯ. ಕಾರು ಯಾಕೆ ಗುಂಯ್‌ಗುಡುತ್ತದೆ, ಹೇಗೆ ಸುಮ್ಮನಾಗಿಸಬಹುದು ಎನ್ನುವುದೇ ಒಂದು ವೃತ್ತಿ ಎಂದರೆ ನಮ್ಮ ಮನೆಯಲ್ಲಿ ನಗುತ್ತಿದ್ದರು. ಆಗ ನಮ್ಮ ಕಡೆ ಅಂಥ ಕೆಲಸ ಹುಡುಕಿದರೂ ಸಿಗುತ್ತಿರಲಿಲ್ಲ, ನನಗೋ ಅದೊಂದೇ ಕೆಲಸ ಬೇಕಿತ್ತು. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾ ಜನವರಿ ಕೊನೆಯ ತನಕ ಮಾತ್ರ. ಅಷ್ಟರೊಳಗೆ ಯಾವುದಾದರೂ ಕಂಪನಿ ನನ್ನ ಹೆಸರಿನಲ್ಲಿ ವರ್ಕ್ ಪರ್ಮಿಟ್ ತರಿಸದಿದ್ದರೆ ಗಂಟುಮೂಟೆ ಕಟ್ಟುವುದೇ. ಅಮ್ಮ ಫೋನಿನಲ್ಲಿ, ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡ, ಇಲ್ಲಿ ಲೆಕ್ಚರರ್ ಕೆಲಸ ಇದ್ದೇ ಇದೆ ಎನ್ನುತ್ತಿದ್ದಳು. ಅವಳ ಸಮಾಧಾನ ಕೇಳಿದರೆ ನನಗೆ ಭಯ ಇನ್ನಷ್ಟು ಹೆಚ್ಚುತ್ತಿತ್ತು.

ಕಾಕಾರನ್ನು ಕಂಡಿದ್ದು ಯುಗಾದಿಯ ಊಟದಲ್ಲಿ. ಕೊವೆಂಟ್ರಿಯ ಒಂದು ಬಾಡಿಗೆ ಸಭಾಂಗಣ, ಅಡುಗೆಮನೆಯಲ್ಲಿ ಹೊಗೆ ಎಳೆಯುವ ಫ್ಯಾನು ಕಟಕಟ ಎನ್ನುತ್ತಿತ್ತು. ಕೋಸಂಬರಿಯ ತಟ್ಟೆ ಹಿಡಿದ ಕಾಕಾ ಅದರ ಕೆಳಗೆ ನಿಂತು, ಬೇರಿಂಗ್ ಹೋಗ್ಯದ ಎಂದು ತೀರ್ಪು ಕೊಟ್ಟರು. ನಾನು ಹಪ್ಪಳ ಜೋಡಿಸುತ್ತಿದ್ದವಳು ಯೋಚಿಸದೆ, ಬೇರಿಂಗ್ ಅಲ್ಲ, ರೆಕ್ಕೆಯ ತೂಕ ತಪ್ಪಿದೆ ಅಂದುಬಿಟ್ಟೆ. ಅವರು ತಟ್ಟೆ ಕೆಳಗಿಟ್ಟು, ಕುರ್ಚಿ ತರಿಸಿ, ಹತ್ತಿ ನೋಡಿದರು. ಒಂದು ರೆಕ್ಕೆಗೆ ಜಿಡ್ಡಿನ ಮುದ್ದೆ ಅಂಟಿತ್ತು. ಕೆಳಗಿಳಿದು ನಾಲ್ಕು ಜನರಿಗೆ ಕೇಳುವ ಹಾಗೆ, ಈ ಹುಡುಗಿ ಹೇಳಿದ್ದು ಖರೇ ಅದ, ನಂದು ತಪ್ಪು ಎಂದರು. ಆಮೇಲೆ ಊಟ ಮುಗಿಯುವವರೆಗೂ ನನ್ನನ್ನು ಬಿಡಲಿಲ್ಲ, ಏನು ಓದುತ್ತೀ, ಯಾವ ಗೇರ್‌ಬಾಕ್ಸು, ಯಾವ ಹಲ್ಲು ಎಂದು ಕೆದಕಿದ್ದೇ ಕೆದಕಿದ್ದು.

ನವೆಂಬರಿನಲ್ಲಿ ಅವರ ವಿಭಾಗದಲ್ಲೇ ಒಂದು ಹುದ್ದೆ ಖಾಲಿಯಾಯಿತು. ನೀನೂ ಅರ್ಜಿ ಹಾಕು ಎಂದು ಹೇಳಿದವರು ಅವರೇ. ಆದರೆ ಪರಿಚಯದ ಹುಡುಗಿ ಎಂದು ತಾವು ಸಂದರ್ಶನದಿಂದ ದೂರ ಉಳಿದರು. ಅಲ್ಲಿ ಅವರ ಮ್ಯಾನೇಜರು, ಉದ್ದ ಮುಖದ ಸಂಭಾವಿತ ಇಂಗ್ಲಿಷಿನವನು, ನನ್ನ ಪ್ರಾಜೆಕ್ಟಿನ ಬಗ್ಗೆ ಕೇಳಿದ. ಒಂದು ಸಣ್ಣ ವ್ಯಾನಿನ ಗೇರ್‌ಬಾಕ್ಸು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಕೀರಲು ಸದ್ದು ಮಾಡುತ್ತಿತ್ತು, ಅದರ ಮೂಲ ಹಿಡಿದ ಕಥೆಯನ್ನು ಉತ್ಸಾಹದಿಂದ ಹೇಳಿದೆ. ಅವನು ತಲೆಯಾಡಿಸಿ ಬರೆದುಕೊಂಡ. ಚೆನ್ನಾಗಿ ಆಯಿತು ಅಂದುಕೊಂಡೇ ಲಫ್‌ಬರೋಗೆ ಹೋದೆ. ಎರಡು ದಿನ ಬಿಟ್ಟು ಕಾಕಾರ ಫೋನು ಬಂತು.

“ಶನಿವಾರ ಬಾ. ಊಟಕ್ಕಲ್ಲ, ಬೈಸ್ಕೊಳ್ಳಿಕ್ಕೆ.”

ಹೋದೆ. ಕಾಕು ಒಲೆಯ ಹತ್ತಿರ ಜೋಳದ ಭಕ್ಕರಿ ಬಡಿಯುತ್ತಿದ್ದರು. ಕಾಕಾ ಅಡುಗೆಮನೆಯ ಮೇಜಿನೆದುರು ನನ್ನನ್ನು ಕೂರಿಸಿ ಕೇಳಿದರು.

“‘ನಾವು’ ಅಂದ್ರ ಯಾರವಾ?”

ನನಗೆ ಅರ್ಥವಾಗಲಿಲ್ಲ.

“ಇಂಟರ್ವ್ಯೂದಾಗ ‘ವೀ ಮೆಜರ್ಡ್, ವೀ ಫೌಂಡ್’ ಅಂತ ಹೇಳೀಯಂತ. ನಿನ್ನ ಜೋಡಿ ಯಾರಿದ್ರು?”

“ಯಾರೂ ಇರ್ಲಿಲ್ಲ ಕಾಕಾ. ನಾನೊಬ್ಳೇ ಮಾಡಿದ್ದು.”

“ಮತ್ತ?”

ಮತ್ತೆ ಏನು ಹೇಳಲಿ? ನಮ್ಮ ಮನೆಯಲ್ಲಿ ಮಾತಾಡುವುದೇ ಹಾಗೆ. ಶಾಲೆಯಲ್ಲಿ ನಾನು ಫಸ್ಟ್ ಬಂದೆ ಎಂದು ಕುಣಿದುಕೊಂಡು ಬಂದರೆ, ನಿನ್ನ ಬೆನ್ನು ನೀನೇ ತಟ್ಟಿಕೊಳ್ಳಬೇಡ ಎಂದು ಅಜ್ಜಿ ಗದರುತ್ತಿದ್ದಳು. ನಮ್ಮ ಮನೆ, ನಮ್ಮ ಅಮ್ಮ, ನಮ್ಮ ಸ್ಕೂಟರು. ಕಟ್ಟಿಕೊಂಡ ಗಂಡನನ್ನೂ ‘ನಮ್ಮ ಯಜಮಾನರು’ ಎನ್ನುವ ಜನ ನಾವು, ‘ನನ್ನ’ ಎಂದರೆ ಎಲ್ಲಿ ದೃಷ್ಟಿಯಾಗುತ್ತದೋ ಎಂಬ ಹಾಗೆ. ಆ ನಾಲಿಗೆ ಇಂಗ್ಲಿಷಿಗೆ ಹೊರಳಿದರೂ ತನ್ನ ಚಾಳಿ ಬಿಟ್ಟಿರಲಿಲ್ಲ. ವಿನಯ ಎಂದುಕೊಂಡು ನಾನು ಆಡಿದ್ದು ಮ್ಯಾನೇಜರಿಗೆ ಬರೀ ಮಾಹಿತಿಯಾಗಿ ಕೇಳಿಸಿತ್ತು. ಇವಳು ಒಂದು ಗುಂಪಿನಲ್ಲಿದ್ದಳು, ಕೆಲಸ ಗುಂಪು ಮಾಡಿತು, ಅಷ್ಟೇ. ಈ ಕೆಲಸಕ್ಕೆ ಇವಳೇ ಯಾಕೆ ಬೇಕು, ಇಲ್ಲಿನವರು ಯಾಕೆ ಆಗುವುದಿಲ್ಲ ಎಂದು ಪರ್ಮಿಟ್ಟಿಗಾಗಿ ಕಂಪನಿ ಸರ್ಕಾರಕ್ಕೆ ವಿವರಿಸಬೇಕು. ಇಂಥವಳ ಬಗ್ಗೆ ನಾನೇನು ವಿವರಿಸಲಿ ಎಂದು ಮ್ಯಾನೇಜರು ಚಹಾದ ಹೊತ್ತಿನಲ್ಲಿ ಕಾಕಾರನ್ನೇ ಕೇಳಿದ್ದನಂತೆ.

ಇದ್ದ ಒಂದು ಬಾಗಿಲನ್ನು ನನ್ನ ಬಾಯಿಂದಲೇ ಮುಚ್ಚಿಕೊಂಡಿದ್ದೆ. ಕಾಕಾ ಎಂದೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದರು.

“ನಾನೂ ಹಂಗ ಅಂತಿದ್ದೆ. ಭಾಳ ವರ್ಷ ಅಂದೆ. ಕಡೀಕೆ ನೋಡಿದ್ರ, ಆ ‘ವೀ’ದಾಗ ಎಲ್ಲಾರೂ ಇದ್ರು. ನಾ ಒಬ್ಬಾಂವ ಇರಲಿಲ್ಲ.”

ಕಾಕು ಭಕ್ಕರಿ ಬಡಿಯುವುದನ್ನು ನಿಲ್ಲಿಸಿದರು. ಅವರ ಮುಖ ನೋಡಿದಾಗ ಕಾಕಾರ ಮಾತಿನ ಅರ್ಥ ನನಗೆ ತಿಳಿಯಿತು. ಆ ಕಂಪನಿಯಲ್ಲಿ ಕಾಕಾ ಎಷ್ಟೋ ಗೇರ್‌ಬಾಕ್ಸುಗಳ ಸದ್ದಡಗಿಸಿದವರು. ಅವರ ನಂತರ ಬಂದವರು ಮೇಲೆ ಹತ್ತಿದರು, ಮ್ಯಾನೇಜರೂ ಒಂದು ಕಾಲಕ್ಕೆ ಇವರ ಕೈಕೆಳಗೆ ಕಲಿತವನೇ. ಆ ಕೆಲಸದ ಹೆಸರನ್ನು ಯಾರೂ ಅವರಿಂದ ಕಸಿದುಕೊಂಡದ್ದಲ್ಲ. ಇವರೇ ಸಭೆ ಸಭೆಯಲ್ಲೂ ‘ವೀ’ ಎಂದು ಹಂಚುತ್ತ ಬಂದಿದ್ದರು. ನನಗೆ ಅಳು ಬಂತು, ನನಗಾಗಿಯೋ ಅವರಿಗಾಗಿಯೋ ಗೊತ್ತಾಗಲಿಲ್ಲ.

ಅಳುವುದಕ್ಕೆ ಅವರು ಬಿಡಲಿಲ್ಲ. ಇಡೀ ಪ್ರಾಜೆಕ್ಟನ್ನು ಮೊದಲಿನಿಂದ ಹೇಳು, ಪ್ರತಿ ವಾಕ್ಯವೂ ‘ಐ’ಯಿಂದ ಶುರುವಾಗಬೇಕು ಎಂದು ಅಪ್ಪಣೆಯಾಯಿತು. ಮೂರನೆಯ ವಾಕ್ಯಕ್ಕೇ ‘ವೀ’ ನುಸುಳಿತು. ಮೇಜು ಕುಟ್ಟಿದರು. ಮತ್ತೆ ಮೊದಲಿಂದ. ನಾನು ನಾಚಿಕೊಂಡು ತಲೆ ತಗ್ಗಿಸಿದರೆ, ತಲಿ ಎತ್ತು, ಕಳವು ಮಾಡೀಯೇನು ಎಂದು ಗದರಿದರು. ಕಾಕುಗೆ ಪಾಪ ಅನ್ನಿಸಿರಬೇಕು. ತಟ್ಟೆ ತಂದಿಟ್ಟು, ಹಂಗಾರ ನಾನೂ ಹೇಳ್ತೀನಿ, ಈ ಮನ್ಯಾಗ ಇಷ್ಟು ವರ್ಷ ಭಕ್ಕರಿ ಬಡದಾಕಿ ನಾನು, ‘ನಾವು’ ಅಲ್ಲ ಎಂದರು. ಕಾಕಾ ತೆಪ್ಪಗೆ ಶೇಂಗಾ ಚಟ್ನಿ ಬಡಿಸಿಕೊಂಡರು.

ಸೋಮವಾರ ಕಾಕಾ ಮ್ಯಾನೇಜರನ ಹತ್ತಿರ ಹೋದರು. ತಮಗಾಗಿ ಒಂದು ದಿನವೂ ಆ ಕೋಣೆಯ ಬಾಗಿಲು ತಟ್ಟಿದವರಲ್ಲ. ನಮ್ಮ ಭಾಷೆಯಲ್ಲಿ ಹೆಂಡತಿ ಗಂಡನನ್ನೂ ‘ಅವರ್ ಹಸ್ಬೆಂಡ್’ ಎನ್ನುತ್ತಾಳೆ, ಹಾಗೆಂದು ಗಂಡ ಹತ್ತು ಜನರ ಸೊತ್ತಲ್ಲ, ಅವಳನ್ನು ಇನ್ನೊಂದು ಸಲ ಕರೆದು ಕೇಳು ಎಂದರಂತೆ. ಅವನು ನಕ್ಕು ಒಪ್ಪಿದ. ನಾನು ಎರಡನೆಯ ಸಲ ಹೋದೆ. ಅವನು ಪೀಠಿಕೆಯಿಲ್ಲದೆ, ಆ ಸದ್ದನ್ನು ಹಿಡಿದವರು ಯಾರು ಎಂದು ಕೇಳಿದ. ‘ಐ ಡಿಡ್’ ಎಂಬ ಎರಡು ಮಾತು ಬಾಯಿಂದ ಹೊರಬರುವಷ್ಟರಲ್ಲಿ ಅಜ್ಜಿಯ ಬೈಗುಳವೆಲ್ಲ ಕಿವಿಯಲ್ಲಿ ಹಾದುಹೋಯಿತು.

ಕೆಲಸ ನನ್ನದೇ ಎಂದರು. ಆದರೆ ಪರ್ಮಿಟ್ಟು ಬರಬೇಕಿತ್ತು. ಆ ಕಾಯುವಿಕೆಯಷ್ಟು ಕೆಟ್ಟ ದಿನಗಳನ್ನು ನಾನು ಕಂಡಿಲ್ಲ. ಬಾಗಿಲಿನ ಅಂಚೆಕಿಂಡಿ ಅಲುಗಿದರೆ ಮೆಟ್ಟಿಲು ಹಾರಿ ಇಳಿಯುತ್ತಿದ್ದೆ. ಪಿಜ್ಜಾ ಅಂಗಡಿಯ ಜಾಹೀರಾತು ಬಿದ್ದಿರುತ್ತಿತ್ತು. ಕ್ರಿಸ್ಮಸ್ ಬಂತು, ಕಚೇರಿಗಳು ಮುಚ್ಚಿದವು, ಜೊತೆಯಲ್ಲಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಊರಿಗೆ ಹೊರಟರು. ಅಮ್ಮನಿಗೆ ಫೋನು ಮಾಡುವುದನ್ನೇ ಬಿಟ್ಟೆ. ಕಾಕಾಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಅದರ ಬದಲು ಹಳೆಯ ಗೇರ್‌ಬಾಕ್ಸುಗಳ ಸದ್ದು ತುಂಬಿದ ಕ್ಯಾಸೆಟ್ಟುಗಳನ್ನು ಕೊಟ್ಟು, ಯಾವುದಕ್ಕೆ ಏನು ಕಾಯಿಲೆ ಪತ್ತೆ ಹಚ್ಚು ಎಂದರು. “ಅಂಜಿಕಿ ಬರೂದು ಬರಲಿ. ಕಿವಿ ಮಾತ್ರ ಸುಮ್ಮನ ಇಡಬ್ಯಾಡ.” ನಾನು ಹಾಸಿಗೆಯಲ್ಲಿ ಕೂತು ಕೇಳಿದ್ದೇ ಕೇಳಿದ್ದು. ಅರ್ಧಕ್ಕರ್ಧ ತಪ್ಪು ಹೇಳಿದೆ. ಆದರೆ ಹುಚ್ಚು ಹಿಡಿಯಲಿಲ್ಲ. ಜನವರಿ ಮುಗಿಯುತ್ತ ಬಂದಾಗ, ಇನ್ನು ಸೂಟ್‌ಕೇಸು ಕೆಳಗಿಳಿಸಬೇಕು ಎನ್ನುವ ಹೊತ್ತಿಗೆ ಪರ್ಮಿಟ್ಟು ಬಂತು.

ಆಫೀಸಿನಲ್ಲಿ ಕಾಕಾ ನನ್ನೊಂದಿಗೆ ಇಂಗ್ಲಿಷು ಬಿಟ್ಟು ಬೇರೆ ಭಾಷೆ ಮಾತಾಡುತ್ತಿರಲಿಲ್ಲ. ನನ್ನ ವರದಿಗಳಿಗೆ ಎಲ್ಲರಿಗಿಂತ ಹೆಚ್ಚು ಕೆಂಪು ಶಾಯಿ ಬಳಿದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಸಭೆಯಲ್ಲಿ ನಾನು ಮರೆತು ‘ವೀ’ ಎಂದರೆ ಮೇಜಿನಾಚೆಯಿಂದ ಒಂದು ಕೆಮ್ಮು ಕೇಳಿಸುತ್ತಿತ್ತು. ಅವರು ಮಾತ್ರ ಕೊನೆಯ ತನಕ ‘ವೀ’ ಎಂದೇ ಅಂದರು. ನೀವ್ಯಾಕೆ ಬದಲಾಗಲಿಲ್ಲ ಎಂದು ಒಮ್ಮೆ ಕಾರ್ ಪಾರ್ಕಿನಲ್ಲಿ ಕೇಳಿದ್ದಕ್ಕೆ, ಹಳೇ ಗೇರ್‌ಬಾಕ್ಸಿಗೆ ಹೊಸಾ ಹಲ್ಲು ಹಾಕಿದ್ರ ಒದರ್ತದವಾ ಎಂದು ನಕ್ಕರು.

ಅವರು ನಿವೃತ್ತರಾಗಿ ಚಳಿಗಾಲಕ್ಕೆಲ್ಲ ಧಾರವಾಡಕ್ಕೆ ಹೋಗತೊಡಗಿದರು. ಪರ್ಮಿಟ್ಟಿನ ಮೇಲೆ ಕೆಲಸ ಮಾಡುತ್ತ ನಾಲ್ಕು ವರ್ಷ ತುಂಬಿದರೆ ನಾನು ಇಂಗ್ಲೆಂಡಿನಲ್ಲಿ ಶಾಶ್ವತವಾಗಿ ಇರಲು ಅರ್ಜಿ ಹಾಕಬಹುದಿತ್ತು. ತುಂಬುವ ಹೊತ್ತಿಗೆ ಸರ್ಕಾರ ಅದನ್ನು ಐದು ಮಾಡಿತು. ಅದೇ ಸಮಯಕ್ಕೆ ಕಂಪನಿಯಲ್ಲಿ ಜನರನ್ನು ಕಡಿಮೆ ಮಾಡುವ ಮಾತು ಎದ್ದಿತು. ಕೆಲಸ ಹೋದರೆ ಪರ್ಮಿಟ್ಟೂ ಹೋಯಿತು. ಇನ್ನೊಂದು ವರ್ಷ ಹಲ್ಲು ಕಚ್ಚಿಕೊಂಡು ಕಳೆದು, ಐದು ತುಂಬಿದ ಕೂಡಲೇ ಅರ್ಜಿಯೊಂದಿಗೆ ಪಾಸ್‌ಪೋರ್ಟನ್ನೂ ಕಳಿಸಿದೆ. ಕಾಕಾ ಧಾರವಾಡದಿಂದ ವಾರಕ್ಕೊಮ್ಮೆ ಫೋನು ಮಾಡಿ, ಬಂತೇನವಾ ಎಂದು ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಅದೇ ನಂಬರಿನಿಂದ ಫೋನು ಬಂದಾಗ ಮಾತಾಡಿದ್ದು ಕಾಕು. ಹಿಂದಿನ ದಿನ ಊಟ ಮಾಡಿ ಅಡ್ಡಾದ ಕಾಕಾ ಏಳಲಿಲ್ಲ. ನಾನು ಬರ್ತೀನಿ ಎಂದು ಹೇಳಿ ಫೋನಿಟ್ಟೆ. ಆಮೇಲೆ ನೆನಪಾಯಿತು, ನನ್ನ ಬಳಿ ಪಾಸ್‌ಪೋರ್ಟ್ ಇಲ್ಲ. ವೀಸಾ ಕಚೇರಿಗೆ ಫೋನು ಮಾಡಿ ಬಹಳ ಹೊತ್ತು ಸಂಗೀತ ಕೇಳಿದ ಮೇಲೆ ಒಬ್ಬಳು ಸಿಕ್ಕಿದಳು. ವಾಪಸ್ ಕೊಡಬಹುದು, ಆದರೆ ಅರ್ಜಿಯನ್ನು ಹಿಂತೆಗೆದುಕೊಂಡ ಹಾಗೆ ಎಂದಳು. ಹಳೆಯ ವೀಸಾ ಆಗಲೇ ಮುಗಿದಿತ್ತು. ಹೋದರೆ ಮತ್ತೆ ಬರುವುದು ನಿಶ್ಚಯವಿರಲಿಲ್ಲ.

ಅರ್ಜಿ ಹೋದರೆ ಹೋಗಲಿ ಎಂದೇ ತೀರ್ಮಾನಿಸಿದ್ದೆ. ಕಾಕುಗೆ ಮತ್ತೆ ಫೋನು ಮಾಡಿ, ಅರ್ಜಿ ವಾಪಸ್ ತಗೊಂಡು ಹೊರಟುಬಿಡ್ತೀನಿ ಎಂದೆ.

“ಬರಬ್ಯಾಡ,” ಎಂದರು ಕಾಕು. ದನಿ ಒಡೆದಿತ್ತು, ಆದರೆ ಮಾತು ಸ್ಪಷ್ಟವಿತ್ತು. “ತಮ್ಮ ಸಲುವಾಗಿ ಯಾರ ಮುಂದೂ ನಿಲ್ಲಲಾರದವ್ರು ನಿನ್ನ ಸಲುವಾಗಿ ಹೋಗಿ ನಿಂತಿದ್ರು. ಅದನ್ನ ಬಿಟ್ಟು ಬಂದ್ರ ನಾ ಬಾಗಲಾ ತಗಿಯಂಗಿಲ್ಲ.”

ನಾನು ಹೋಗಲಿಲ್ಲ. ಕಂಪನಿಯ ಲ್ಯಾಬಿನಲ್ಲಿ ಒಂದು ಗೇರ್‌ಬಾಕ್ಸನ್ನು ಓಡಿಸಿ, ಅದರೆದುರು ನಿಂತು ಅತ್ತೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಧಾರವಾಡದಲ್ಲಿ ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ, ಶಾಶ್ವತ ವಾಸದ ಮುದ್ರೆಯೊಂದಿಗೆ ಪಾಸ್‌ಪೋರ್ಟ್ ಬಂತು. ಇನ್ನು ನನ್ನನ್ನು ಯಾರೂ ಈ ದೇಶ ಬಿಡು ಎನ್ನುವಂತಿರಲಿಲ್ಲ. ಯಾರನ್ನೂ ಕೇಳದೆ ಎಷ್ಟು ಸಲ ಬೇಕಾದರೂ ಊರಿಗೆ ಹೋಗಿ ಬರಬಹುದಿತ್ತು. ಹೋಗಲೇಬೇಕಿದ್ದ ಒಂದು ಸಲ ಮಾತ್ರ ಕಳೆದುಹೋಗಿತ್ತು.