ಕರೆಂಟು ಹೋದಾಗ ಓಡುತ್ತಿದ್ದ ಕಾರು

ಅಣ್ಣನ ಹೆಂಡತಿ, ನನ್ನ ವೈನಿಯ ಮಣಿಕಟ್ಟಿನಲ್ಲಿ ಬಳೆ ಒಡೆದು ಗೀರಿದ ಗಾಯವಿತ್ತು. ಬಲಗೈಯೋ ಎಡಗೈಯೋ, ಆಣೆ ಮಾಡಿ ಹೇಳಲಾರೆ. ಧಾರವಾಡದಲ್ಲಿ ಇತಿಹಾಸ ಓದಿದ ಮೇಲೆ ನಾನು ಮೊದಲು ಅನುಮಾನಿಸುವುದು ನನ್ನ ನೆನಪನ್ನೇ. ಗಾಯ ಮಾಡಿದ್ದು ಮಾತ್ರ ನಾನು ಪುಣೆಯಿಂದ ತಂದಿದ್ದ, ಕಂಪ್ಯೂಟರಿನ ಕಾರಿನ ಆಟಕ್ಕೆ ಜೋಡಿಸುವ ಹಳೆಯ ಗೇಮ್ ಸ್ಟೀರಿಂಗು. ಅದಕ್ಕೆ ಗೇರು, ಮೂರು ಪೆಡಲು ಇದ್ದವು. ಆಟದ ಕಾರು ತಗ್ಗಿಗೆ ಬಿದ್ದರೆ ಒಳಗಿನ ಮೋಟಾರು ನಿಜವಾಗಿಯೂ ಕೈ ಜಗ್ಗುತ್ತಿತ್ತು.

ಬನಹಟ್ಟಿಯ ನಮ್ಮ ಮನೆಯಲ್ಲಿ ಗೋಡೆಯಾಚೆಗೇ ಪವರ್‌ಲೂಮುಗಳು. ಅವು ನಡೆದರೆ ಮೇಜೂ ನಡುಗುವುದು. ಆಟದ ರಸ್ತೆಯ ಅದುರು ಯಾವುದು, ಮಗ್ಗದ್ದು ಯಾವುದು ತಿಳಿಯದು. ಅದಕ್ಕೇ ನಾನು ಸೆಟ್ಟಿಂಗಿನಲ್ಲಿ ಜಗ್ಗುವ ಬಲವನ್ನು ಪೂರ್ತಿ ಏರಿಸಿಟ್ಟಿದ್ದೆ. ವೈನಿ ಹಿಡಿದೊಡನೆ ಅದು ಜಗ್ಗಿ ಬಳೆ ಒಡೆಯಿತು.

"ಇಳಿಸೋ ತಮ್ಮಾ," ಎಂದರು ವೈನಿ. "ಎತ್ತ ತಿರುವಿದ್ರೂ ಹೊಳ್ಳಿ ನಡುವ ಬಂದು ನಿಂದರಾಕ ಹಠಾ ಮಾಡತೈತಿ. ಈ ಮನ್ಯಾಗ ಅಂಥವರು ಒಬ್ರು ಸಾಕು."

ಆ ಒಬ್ಬರು ಅಣ್ಣ. ವೈನಿಯ ತಾಯಿ ಪಕ್ಕದ ಊರು ಚಿಮ್ಮಡದಲ್ಲಿ ಹಾಸಿಗೆ ಹಿಡಿದಿದ್ದರು. ಕಾರು ಅಂಗಳದಲ್ಲೇ ಇತ್ತು, ಕೀಲಿ ಗೂಟಕ್ಕೆ ತೂಗುತ್ತಿತ್ತು, ಮುಟ್ಟುವವರು ಅಣ್ಣ ಮಾತ್ರ. ವೈನಿ ಕೇಳಿದಾಗೆಲ್ಲ ಸೋಮವಾರ ಮಗ್ಗ ಬಂದ್ ಇರುತ್ತವೆ, ಆಗ ಹೋಗೋಣ ಎನ್ನುತ್ತಿದ್ದ. ಸೋಮವಾರ ನೂಲಿನ ವ್ಯಾಪಾರಿ ಬರುತ್ತಿದ್ದ. ಒಬ್ಬಳೇ ಬಸ್ಸು ಹತ್ತುವ ಪದ್ಧತಿ ನಮ್ಮ ಮನೆಯ ಸೊಸೆಗೆ ಇರಲಿಲ್ಲ.

ಬಲ ಇಳಿಸಿದ ಮೇಲೆ ವೈನಿ ಕರೆಂಟು ಹೋಗುವುದನ್ನೇ ಕಾಯತೊಡಗಿದರು. ಮಗ್ಗಗಳು ಥಟ್ಟನೆ ನಿಲ್ಲುತ್ತಿದ್ದವು, ಓಣಿಯೆಲ್ಲ ಶಾಪ ಹಾಕುತ್ತಿತ್ತು. ವೈನಿ ಹಿಟ್ಟಿನ ಕೈ ತೊಳೆದು ಬಂದು, ಕಂಪ್ಯೂಟರಿನ ಯುಪಿಎಸ್ ಕೂಗಿ ಆರುವವರೆಗೆ ಆಟದ ಕಾರು ಓಡಿಸುತ್ತಿದ್ದರು. ರಸ್ತೆ ಆಗ ಮಾತ್ರ ಅವರ ಕೈಗೆ ತಿಳಿಯುತ್ತಿತ್ತು.

ಮುಂದಿನ ರಜೆಗೆ ಬಂದಾಗ ಅವರ ತಾಯಿ ತೀರಿಹೋಗಿದ್ದರು. ಸ್ಟೀರಿಂಗಿನ ಧೂಳು ಒರೆಸುತ್ತ ವೈನಿ ಮೆಲ್ಲಗೆ ಅಂದರು: "ಚಿಮ್ಮಡದ ರಸ್ತಾ ನಿನ್ನ ಆಟದಷ್ಟು ಜಗ್ಗೂದಿಲ್ಲೋ."

ನೀವೇ ಓಡಿಸಿದಿರೇನು ಎಂದೆ. ಅಷ್ಟರಲ್ಲಿ ಕರೆಂಟು ಬಂದು ಮಗ್ಗಗಳು ಶುರುವಾದವು. ತಲೆಯಾಡಿಸಿದರೆಂದು ನೆನಪು, ಖಾತ್ರಿಯಿಲ್ಲ. ಆಮೇಲೆ ಕೇಳಿದಾಗ, ತಾನಿಲ್ಲದೆ ಕಾರು ಅಂಗಳ ದಾಟಿಯೇ ಇಲ್ಲ ಎಂದ ಅಣ್ಣ. ನಾನು ಅವನನ್ನೇ ನಂಬಿದೆ.

ವೈನಿಯೂ ತೀರಿಹೋದ ಮೇಲೆ, ತಡೆಯಲಾಗದೆ ಚಿಮ್ಮಡಕ್ಕೆ ಹೋಗಿ ಅವರ ತಮ್ಮನನ್ನು ಕೇಳಿದೆ.

"ಒಬ್ಬಾಕಿನ ಬಂದಿದ್ಲರಿ," ಎಂದರು ಅವರು. "ಅವ್ವನ ಬಾಯಿಗೆ ಕಡೀ ನೀರು ಬಿಟ್ಟಾಕಿ ಅಕ್ಕನ. ರಿವರ್ಸ್ ಬರ್ತಿದ್ದಿಲ್ಲ ಆಕಿಗಿ, ಕಾರು ನಾನ ಹೊಳ್ಳಿಸಿ ಕೊಟ್ಟೆ."