ಶ್ರೀದೇವಿ ಕತ್ತರಿಸದೆ ಬಿಟ್ಟ ಹಳೆಯ ಹಾಸು

ಬನಹಟ್ಟಿಯ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಶ್ರೀದೇವಿಯ ನೋಟ್‌ಬುಕ್ಕಿನ ಪುಟಗಳ ಮೇಲೆ ಯಾವಾಗಲೂ ಬೂದಿಯ ಬೆರಳಚ್ಚು ಇರುತ್ತಿತ್ತು. ಒಮ್ಮೆ ಗದರಿಸಿ ಕೇಳಿದೆ. "ಹಾಸು ಕೆಚ್ಚಿ ಬಂದೇನ್ರಿ ಸರ್" ಎಂದಳು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಹಾಯ್ದ ಎಳೆಗಳು, ಮುಗಿಯುತ್ತ ಬಂದಾಗ ನೇಕಾರರು ಹಳೆಯ ಎಳೆಗಳನ್ನು ಕಿತ್ತೊಗೆಯುವುದಿಲ್ಲ. ಅವುಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು, ಬೂದಿ ಹಚ್ಚಿದ ಬೆರಳಿನಿಂದ ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಅದೇ ಕೆಚ್ಚುವುದು. ಆ ಕೆಲಸ ಮುಗಿಯುವ ತನಕ ಅವಳ ತಂದೆ ಕರೆಪ್ಪ ಮಗ್ಗದ ಹತ್ತಿರ ಕತ್ತರಿಯನ್ನೇ ತರಗೊಡುತ್ತಿರಲಿಲ್ಲ.

ಈಗ ಶ್ರೀದೇವಿಗೆ ಮೂವತ್ತೆರಡು. ರಬಕವಿಯ ನೇಕಾರರ ಸಂಘವೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಕರೆಪ್ಪ ನಲವತ್ತು ವರ್ಷ ಚೌಕುಳಿ ಕಾಗದದ ಮೇಲೆ ಬರೆದ ಸೀರೆಯಂಚಿನ ಮುನ್ನೂರ ಹನ್ನೆರಡು ಡಿಸೈನುಗಳು ಆ ಕಂಪ್ಯೂಟರಿನಲ್ಲಿವೆ. ಕಾಗದಗಳನ್ನು ಗೆದ್ದಲು ತಿಂದಿದೆ. ಇನ್ನೊಂದು ಪ್ರತಿ ತೆಗೆದಿಡಲು ಡಿಸ್ಕ್ ಬೇಕೆಂದು ಅವಳು ಕೊಟ್ಟ ಅರ್ಜಿಯನ್ನು ಸಂಘದವರು ಸಭೆಯಿಂದ ಸಭೆಗೆ ಮುಂದೂಡುತ್ತಿದ್ದರು.

ಕಳೆದ ಶನಿವಾರ ಬೆಳಿಗ್ಗೆ ಅವಳಿಗೊಂದು ಎಚ್ಚರಿಕೆ ಬಂತು. ಡಿಸೈನಿನ ಪ್ರೋಗ್ರಾಂ ಯಾವ ಕಂಪ್ಯೂಟರ್ ಭಾಷೆಯಲ್ಲಿದೆಯೋ ಆ ಭಾಷೆಯನ್ನು ಓದಿ ನಡೆಸುವ ತಂತ್ರಾಂಶಕ್ಕೆ ರನ್‌ಟೈಮ್ ಎನ್ನುತ್ತಾರೆ. ಪ್ರೋಗ್ರಾಂ ಬಟ್ಟೆಯಾದರೆ ಇದು ಮಗ್ಗ. ಅದರ ಹಳೆಯ ಆವೃತ್ತಿಯಲ್ಲಿ ದೋಷವೊಂದು ಸಿಕ್ಕಿತ್ತು. ಕೇಡಿಗೆಂದೇ ರಚಿಸಿದ ಚಿತ್ರದ ಫೈಲನ್ನು ಅದು ತೆರೆದರೆ ಸಾಕು, ಎಲ್ಲೋ ಕುಳಿತವನು ಒಳಹೊಕ್ಕು ಎಲ್ಲಕ್ಕೂ ಬೀಗ ಹಾಕಬಲ್ಲ. ಮಹಾಲಿಂಗಪುರದ ಬಟ್ಟೆ ವ್ಯಾಪಾರಿಯೊಬ್ಬನ ಕಂಪ್ಯೂಟರ್ ಎರಡು ದಿನದ ಹಿಂದೆ ಹೀಗೆಯೇ ಕೈಬಿಟ್ಟು ಹೋಗಿತ್ತು. ಅವನ ಹೆಸರಿನಲ್ಲಿ ಸಂಘಕ್ಕೂ ಒಂದು ಫೈಲು ಬಂದಿತ್ತು. ಸಂಘದ ಪ್ರೋಗ್ರಾಂ ದಿನಾಲು ಸಂಜೆ ನಾಲ್ಕಕ್ಕೆ ಬಂದ ಫೈಲುಗಳನ್ನು ತಾನಾಗಿಯೇ ಇಳಿಸಿಕೊಂಡು ತೆರೆಯುತ್ತದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಶ್ರೀದೇವಿ ಹೊಸ ಆವೃತ್ತಿಯನ್ನು ಹಾಕಿ ಮುಗಿಸಿದಳು. ಪರದೆಯ ಮೇಲೆ ಹೊಸ ಸಂಖ್ಯೆ ಕಂಡ ಮೇಲೆಯೇ ಎದ್ದು ಜಮಖಂಡಿಯ ಬಸ್ಸು ಹತ್ತಿದಳು. ಅದೇ ಬಸ್ಸಿನಲ್ಲಿ ನಾನೂ ಇದ್ದೆ.

"ಹೊಸಾದು ಹಾಕಿ ಬಂದೇನ್ರಿ ಸರ್. ಎದಿ ಹಗುರ ಆತು."

"ಹಳೇದನ್ನ ಏನ ಮಾಡಿದಿ?" ಎಂದೆ, ಮಾತಿಗೆ.

"ಅದ ಇರಲಿ ಅಂತ ಬಾಜೂಕ ಬಿಟ್ಟೇನ್ರಿ. ಹಳೇದ ತಗದ್ರ..." ಅಲ್ಲಿಗೇ ನಿಲ್ಲಿಸಿದಳು. ನನ್ನ ಕೈಗಡಿಯಾರದತ್ತ ಬಗ್ಗಿದಳು. "ಸರ್, ನಾ ಕೆಚ್ಚಿ ಬಂದೇನ್ರಿ! ಪ್ರೋಗ್ರಾಂನ ಹೊಸಾದಕ್ಕ ಹೊಂದಿಸೇ ಇಲ್ರಿ, ಇನ್ನೂ ಹಳೇದರ ಮ್ಯಾಲ ನಡ್ಯಾಕತ್ತೈತಿ."

ಮೂರು ಐವತ್ತೊಂದು ಆಗಿತ್ತು. ಸಂಘದ ಅಧ್ಯಕ್ಷ ಪ್ರಭುಲಿಂಗ ಫೋನ್ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಕೊನೆಗೆ ಸಂಘದಲ್ಲಿ ಕಂಡಿಕೆಗೆ ನೂಲು ಸುತ್ತುವ ಯಲ್ಲವ್ವನಿಗೆ ಫೋನ್ ಹಚ್ಚಿದಳು. ಆಕೆ ಎತ್ತಿದಳು. ಹಿಂದೆ ಮಗ್ಗಗಳ ಸದ್ದು.

"ಯಲ್ಲಕ್ಕಾ, ಲಗೂ ಕಂಪ್ಯೂಟರ್ ಖೋಲಿಗೆ ಹೋಗು. ಹಿಂದ ಇಂಟರ್ನೆಟ್ಟಿನ ನೀಲಿ ವೈರ್ ಐತಿ, ಅದನ್ನ ಕೀಳು."

"ಮುಟ್ಟಬ್ಯಾಡ ಅಂತ ಬೋರ್ಡ್ ಬರದಾಕಿ ನೀನ. ಈಗ ಕೀಳು ಅಂತಿ!"

"ನಿನ್ನ ಕಾಲ ಬೀಳ್ತೇನಿ, ಹೋಗು! ಕರೆಂಟಿನ ವೈರ್ ಮಾತ್ರ ಕೀಳಬ್ಯಾಡ. ಡಿಸ್ಕ್ ಮದಲ ನರಳಾಕತ್ತೈತಿ. ಒಮ್ಮಿಗೆ ಬಂದ್ ಆದ್ರ ಮತ್ತ ಏಳಂಗಿಲ್ಲ, ಅಪ್ಪನ ಡಿಸೈನ್ ಎಲ್ಲಾ ಹೋಗ್ತಾವ."

ಚಪ್ಪಲಿಯ ಸಪ್ಪಳ, ಬಾಗಿಲಿನ ಕಿರುಗುಟ್ಟು ಕೇಳಿದವು. ಮೂರು ಐವತ್ತಾರು.

"ಎಲ್ಲೈತಿ ಬೇ ನೀಲಿ? ಎಲ್ಲಾದಕ್ಕೂ ಹತ್ತಿ ಧೂಳ ಹತ್ತಿ ಕುರಿಮರಿ ಆಗ್ಯಾವ. ಕೈಗೆ ಮೂರ ಸಿಕ್ಕಾವ. ಯಾವದರ ಒಂದು ಜಗ್ಗಲೇನ?"

"ಬ್ಯಾಡಕ್ಕಾ! ಜಗ್ಗಬ್ಯಾಡ!" ಶ್ರೀದೇವಿ ಕೂಗಿದ್ದಕ್ಕೆ ಕಂಡಕ್ಟರ್ ತಿರುಗಿ ನೋಡಿದ. ಅವಳು ಕಣ್ಣು ಮುಚ್ಚಿದಳು. ಎಡಗೈಯ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಹೊಸೆಯತೊಡಗಿದ್ದವು. "ಕಣ್ಣಿಲೆ ಹುಡುಕಬ್ಯಾಡ. ಬೆರಳಿಲೆ ತುದಿ ನೋಡು. ಒಂದರ ತುದಿಗೆ ಸಣ್ಣ ನಾಲಗಿ ಇರತೈತಿ, ಒತ್ತಿದ್ರ ಬಗ್ಗತೈತಿ."

ಯಲ್ಲವ್ವ ಐವತ್ತು ವರ್ಷ ಕೂದಲೆಳೆಯಂಥ ನೂಲಿನ ತುದಿಯನ್ನು ಬೆರಳಿನಿಂದಲೇ ಹುಡುಕಿದವಳು.

"ಇದಕ್ಕಿಲ್ಲ... ಇದಕ್ಕೂ ಇಲ್ಲ... ಹಾಂ, ಇಲ್ಲೈತಿ ನೋಡು, ಗುಬ್ಬಿ ನಾಲಗಿ."

"ಅದನ್ನ ಒತ್ತಿ ಹಿರಿ!"

ಒಂದು ಸಣ್ಣ ಚಟ್ ಸದ್ದು ಬಂತು. ನನ್ನ ಕೈಗಡಿಯಾರದಲ್ಲಿ ನಾಲ್ಕಕ್ಕೆ ಒಂದು ನಿಮಿಷವಿತ್ತು.

"ಕಂಪ್ಯೂಟರ್ ಬಂದ್ ಆಗಿಲ್ಲ. ಪರದಿ ಮ್ಯಾಲ ಎಂಥದೋ ಕೆಂಪ ಗುರ್ತು ಬಂತು ಬೇ. ನಾ ಏನರ ಕೆಡಸಿದ್ನೇನ?"

"ಇಲ್ಲಕ್ಕಾ" ಎಂದಳು ಶ್ರೀದೇವಿ. ಹೊರಗಿನ ಸಂಪರ್ಕ ಕಡಿದಿತ್ತು.

ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರಿನ ಬಸ್ಸು ಹಿಡಿದು, ಇಬ್ಬರೂ ರಬಕವಿಗೆ ಮರಳಿದೆವು. ಕರೆಪ್ಪನೂ ಸುದ್ದಿ ತಿಳಿದು ಬಂದು ಕಂಪ್ಯೂಟರಿನ ಪಕ್ಕದಲ್ಲಿ ಕುಳಿತಿದ್ದ. ಶ್ರೀದೇವಿ ಪ್ರೋಗ್ರಾಮನ್ನು ಹೊಸ ರನ್‌ಟೈಮಿನ ಮೇಲೆ ನಡೆಸಲು ಹೋದಳು. ಅದು ಏಳಲಿಲ್ಲ. ಮೂರು ಸಲ ಸೆಟಿಂಗ್ ತಿದ್ದಿ, ನಾಲ್ಕನೆಯ ಸಲ ಎಬ್ಬಿಸಿದಳು. ಮೊದಲನೆಯ ಡಿಸೈನು ತೆರೆಯಿತು. ಎರಡನೆಯದೂ ತೆರೆಯಿತು. ಕರೆಪ್ಪ ಒಂದೊಂದಾಗಿ ಮುನ್ನೂರ ಹನ್ನೆರಡನ್ನೂ ನೋಡಿದ.

ಉಳಿದದ್ದು ಹಳೆಯ ರನ್‌ಟೈಮನ್ನು ಅಳಿಸುವುದು. ಶ್ರೀದೇವಿಯ ಬೆರಳು ಕೀಲಿಯ ಮೇಲೆ ನಿಂತೇ ಇತ್ತು.

"ಯಾಕ ಬೇ, ಕೈ ಬರವಲ್ದೇನ?" ಎಂದ ಕರೆಪ್ಪ.

"ನೀನ ಕಲಿಸಿದ್ದಲ್ಲಪಾ, ಹಳೇದು ಕಡೀಬಾರದು ಅಂತ."

"ಅದ ಮಗ್ಗಕ್ಕ. ಇದಕ್ಕ ಕತ್ತರಿ ಹಚ್ಚು" ಎಂದ ಮುದುಕ, ಮುಖ ಆಚೆ ತಿರುಗಿಸಿ.

ಅವಳು ಒತ್ತಿದಳು. ಆಮೇಲೆ ಆ ವ್ಯಾಪಾರಿಯ ಹೆಸರಿನ ಫೈಲನ್ನು ಪ್ರೋಗ್ರಾಂ ಇಳಿಸಿಕೊಳ್ಳದಂತೆ ಮಾಡಿ, ವೈರ್ ಸಿಕ್ಕಿಸಲು ಬಗ್ಗಿದಳು. ಬಾಗಿಲಲ್ಲಿ ನಿಂತಿದ್ದ ಯಲ್ಲವ್ವ ಧಾವಿಸಿ ಬಂದಳು.

"ಸರಿ ಅತ್ತಾಗ. ಕಿತ್ತಾಕಿ ನಾನು, ಹಾಕಾಕಿನೂ ನಾನ."