ಚಳಿಗಾಲದ ಫೋಟೋಗೆ ಹೊರಟ ಮಧ್ಯಾಹ್ನ

ದೆವ್ವ, ಶಕುನ, ಅಶರೀರವಾಣಿಗಳ ಮಾತು ಬಂದಾಗಲೆಲ್ಲ ಎದ್ದು ಕಾಫಿ ಮಾಡಲು ಹೋಗುವವರ ಗುಂಪಿಗೆ ಸೇರಿದವಳು ನಾನು. ಡಾಲಸ್ ಬಳಿಯ ಸೌತ್‌ಲೇಕ್‌ನ ಸ್ನೇಹಿತರ ಮನೆಯಲ್ಲಿ ಊಟ ಮುಗಿದ ಮೇಲೆ ಒಬ್ಬರಲ್ಲ ಒಬ್ಬರು ಇಂಥ ಕತೆ ತೆಗೆಯುತ್ತಾರೆ. ಎಲ್ಲರೂ ಕಣ್ಣರಳಿಸಿ ಕೇಳುತ್ತಿರುವಾಗ ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿರುತ್ತೇನೆ. ನನ್ನ ವೃತ್ತಿಯೂ ಈ ಸ್ವಭಾವಕ್ಕೆ ತಕ್ಕದ್ದೇ. ಅಲ್ಲೇ ಹತ್ತಿರದ ಲಾಸ್ ಕೊಲಿನಾಸ್‌ನ ಒಂದು ಕಚೇರಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಯಾರಾದರೂ ಬಂದು ನಿನ್ನೆ ಒಂದು ವಿಚಿತ್ರ ತೊಂದರೆ ಕಾಣಿಸಿತು ಎಂದರೆ, ಮತ್ತೊಮ್ಮೆ ಮಾಡಿ ತೋರಿಸಿ ಎನ್ನುತ್ತೇನೆ. ತೋರಿಸಲಾಗದಿದ್ದರೆ ಅಲ್ಲಿಗೆ ಆ ಕಡತ ಮುಚ್ಚಿದ ಹಾಗೆ. ಈಗ ನಾನು ಬರೆಯುತ್ತಿರುವುದನ್ನು ಬೇರೆಯವರು ನನ್ನ ಮುಂದೆ ಹೇಳಿದ್ದರೆ ಅದಕ್ಕೂ ಅದೇ ಗತಿಯಾಗುತ್ತಿತ್ತು. ಆದ್ದರಿಂದ ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಮೊದಲು ಸ್ಕಾಟ್ಲೆಂಡ್ ಹೇಗೆ ಗಂಟುಬಿತ್ತು ಎಂದು ಹೇಳಬೇಕು. ಮದುವೆಯಾದ ಹೊಸದರಲ್ಲಿ ಹ್ಯೂಸ್ಟನ್‌ನಲ್ಲಿದ್ದೆವು, ಆಮೇಲೆ ಡಾಲಸ್‌ಗೆ ಶಿಫ್ಟ್ ಆದೆವು. ಎಲ್ಲಿದ್ದರೂ ಟೆಕ್ಸಾಸಿನ ಋತುಗಳೆಂದರೆ ಬಿಸಿಲು, ಇನ್ನೂ ಬಿಸಿಲು, ನಡುವೆ ವಸಂತದಲ್ಲಿ ರಸ್ತೆ ಬದಿಯ ನೀಲಿ ಬ್ಲೂಬಾನೆಟ್ ಹೂಗಳ ಮಧ್ಯೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆಯುವ ಒಂದೆರಡು ವಾರ, ಅಷ್ಟೇ. ಕ್ಯಾಮೆರಾ ಹುಚ್ಚು ನನಗೆ ಮೊದಲಿನಿಂದ ಇತ್ತು. ಆ ಹೂಗಳ ನಡುವೆ ನಮ್ಮ ಮಗಳು ಅನಘಾಳನ್ನು ಅವಳು ಕೈಮುಗಿಯುವವರೆಗೂ ಕೂರಿಸಿ ಕಾಡಿದ್ದೇನೆ. ಹೀಗಿರುವಾಗ ಕಚೇರಿಯವರು ಒಂದು ಕೆಲಸದ ಮೇಲೆ ನನ್ನನ್ನು ಗ್ಲಾಸ್ಗೋಗೆ ಕಳಿಸಿದರು. ವಾರಾಂತ್ಯದಲ್ಲಿ ಬಸ್ಸು ಹತ್ತಿ ಪಶ್ಚಿಮದ ಬೆಟ್ಟಗಳ ಕಡೆ ಹೋದೆ. ಒಂದೇ ಗಂಟೆಯಲ್ಲಿ ಮಳೆ ಬಂತು, ಬಿಸಿಲು ಬಂತು, ಆಲಿಕಲ್ಲು ಬಂತು, ಮತ್ತೆ ಏನೂ ಆಗಿಲ್ಲವೆನ್ನುವಂತೆ ಬಿಸಿಲು ಬಂತು. ಅದೇ ಬೆಟ್ಟ ಪ್ರತಿಸಲವೂ ಬೇರೆ ಬೆಟ್ಟವಾಗುತ್ತಿತ್ತು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಎಷ್ಟು ವರ್ಷ ಒಂದೇ ಬಣ್ಣದ ಆಕಾಶದ ಕೆಳಗೆ ಬದುಕಿಬಿಟ್ಟೆನಲ್ಲ ಅನ್ನಿಸಿತು.

ಅಂದು ಒಂದು ಲಾಖ್‌ನ ದಂಡೆಯಲ್ಲಿ ಒಂದು ಜಾಗ ಸಿಕ್ಕಿತು. ಲಾಖ್ ಎಂದರೆ ಅಲ್ಲಿನವರ ಮಾತಿನಲ್ಲಿ ಸರೋವರ. ರಸ್ತೆಯ ಬದಿಯಲ್ಲಿ ಕಲ್ಲುಗಳನ್ನು ಜೋಡಿಸಿದ ಮೊಣಕಾಲೆತ್ತರದ ಗೋಡೆ, ಅದರಲ್ಲೊಂದು ಮರದ ಗೇಟು. ಗೇಟು ದಾಟಿ ಇಳಿಜಾರಿನ ಕಾಲುದಾರಿಯಲ್ಲಿ ಇಳಿದರೆ ನೀರಿನಂಚಿಗೆ ಒಂದು ಚಪ್ಪಟೆ ಬಂಡೆ. ಬಂಡೆಯ ಹಿಂದೆ ಎರಡಾಳೆತ್ತರದ ಮಣ್ಣಿನ ದಿಬ್ಬ, ಮುಂದೆ ನೀರು, ಪುಟ್ಟ ನಡುಗಡ್ಡೆ, ಅದರ ಮೇಲೆ ಒಂಟಿ ಪೈನ್ ಮರ, ಆಚೆಗೆ ಬೆಟ್ಟ. ಆ ಬಂಡೆಯ ಮೇಲೆ ಟ್ರೈಪಾಡ್ ಇಟ್ಟು ನಾಲ್ಕೂ ಋತುಗಳಲ್ಲಿ ಒಂದೇ ಚಿತ್ರ ತೆಗೆಯಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಇಂಥ ಕೆಲಸಕ್ಕೆ ಒಂದು ಕ್ರಮವಿದೆ. ಕ್ಯಾಮೆರಾ ಒಂದಂಗುಲವೂ ಆಚೀಚೆ ಆಗಬಾರದು. ಬಂಡೆಯ ಮೇಲೆ ಮೂರು ಸಣ್ಣ ಕುಳಿಗಳಿದ್ದವು, ಟ್ರೈಪಾಡಿನ ಮೂರು ಕಾಲುಗಳನ್ನು ಅವುಗಳಲ್ಲೇ ಇಡುತ್ತಿದ್ದೆ. ಹಳೆಯ ಚಿತ್ರವನ್ನು ಫೋನಿನಲ್ಲಿ ಹಿಡಿದು, ಮರದ ತುದಿ ಬೆಟ್ಟದ ಯಾವ ಮಡಿಕೆಗೆ ತಾಗುತ್ತದೆ ಎಂದು ಹೊಂದಿಸುತ್ತಿದ್ದೆ. ವಸಂತದ ಎಳೆ ಹಸಿರು ಸಿಕ್ಕಿತು. ಬೇಸಿಗೆಯಲ್ಲಿ ಬೆಟ್ಟಕ್ಕೆ ಹೆದರ್ ಹೂವಿನ ನೇರಳೆ ಬಣ್ಣ ಬಂದಾಗ ಗಂಡನನ್ನೂ ಎಳೆದುಕೊಂಡು ಹೋದೆ. ಅಲ್ಲಿನ ಸೊಳ್ಳೆಗಿಂತ ಸಣ್ಣ ಹುಳುಗಳು ಅವರ ಬೋಳುತಲೆಯನ್ನು ಹಬ್ಬದೂಟ ಮಾಡಿದವು. ಶರತ್ಕಾಲದಲ್ಲಿ ಜರಿಗಿಡಗಳು ತುಕ್ಕಿನ ಬಣ್ಣಕ್ಕೆ ತಿರುಗಿದ್ದವು, ಮಂಜು ಏಳುವುದನ್ನು ದಿನವಿಡೀ ಕಾದು ತೆಗೆದೆ. ಉಳಿದಿದ್ದು ಚಳಿಗಾಲ. ನಮ್ಮ ಕನ್ನಡ ಸಂಘದ ದೀಪಾವಳಿ ಕಾರ್ಯಕ್ರಮದಲ್ಲಿ ಮೂರು ಚಿತ್ರಗಳನ್ನು ನೋಡಿದವರೆಲ್ಲ ನಾಲ್ಕನೆಯದು ಎಲ್ಲಿ ಎಂದು ಕೇಳಿ ಕೇಳಿ ನನ್ನ ತಲೆ ತಿಂದರು.

ಕೊನೆಗೆ ಒಂದು ಡಿಸೆಂಬರಿನಲ್ಲಿ ಮೂವರೂ ಹೊರಟೆವು. ನನ್ನ ಗಂಡ ಶಿವಾನಂದ ಧಾರವಾಡದವರು, ನಾನು ಮೈಸೂರಿನವಳು. ಅನಘಾ ಆಗ ಆಸ್ಟಿನ್‌ನಲ್ಲಿ ಕಾಲೇಜು ಓದುತ್ತಿದ್ದಳು. ನಾವಿಬ್ಬರೂ ಮಾತನಾಡುವ ಎರಡು ಬಗೆಯ ಕನ್ನಡವೂ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹೋದ ದಿನದಿಂದ ಮಳೆ ಹಿಡಿದುಕೊಂಡಿತು. ಬಾಡಿಗೆ ಕೋಣೆಯಲ್ಲಿ ಕೂತು ನಾನು ಕಿಟಕಿ ಕಾಯುತ್ತಿದ್ದೆ, ಅಪ್ಪ ಮಗಳು ಇಸ್ಪೀಟಾಡುತ್ತಿದ್ದರು. ವಾಪಸು ಹೊರಡುವ ಹಿಂದಿನ ದಿನ ಮಳೆ ಹಿಮವಾಯಿತು. ಮಧ್ಯಾಹ್ನದ ಹೊತ್ತಿಗೆ ಮೋಡ ಒಡೆದು ಬೆಟ್ಟದ ನೆತ್ತಿಯ ಮೇಲೆ ಬಿಸಿಲು ಬಿತ್ತು. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನವೇ ಸಂಜೆ. ಇನ್ನೊಂದು ಗಂಟೆ ಬೆಳಕು ಉಳಿದರೆ ಹೆಚ್ಚು. ಊಟದ ತಟ್ಟೆ ಬಿಟ್ಟು ಎಲ್ಲರನ್ನೂ ಕಾರಿಗೆ ತಳ್ಳಿದೆ.

ಗೇಟಿನ ಬಳಿ ಕಾರು ನಿಲ್ಲಿಸಿದೆವು. ಹಿಮದ ಮೇಲೆ ನಮ್ಮ ಗಾಡಿಯದ್ದು ಬಿಟ್ಟು ಬೇರೆ ಯಾವ ಗುರುತೂ ಇರಲಿಲ್ಲ. ನಮ್ಮ ಪದ್ಧತಿಯಂತೆ ಟ್ರೈಪಾಡ್ ಹೊತ್ತು ಶಿವಾನಂದ ಮುಂದೆ ಹೋಗಿ ಬಂಡೆಯ ಮೇಲೆ ಅದನ್ನು ನಿಲ್ಲಿಸಬೇಕು. ನಾನು ಲೆನ್ಸ್ ಹಾಕಿಕೊಂಡು ಹಿಂದೆ ಹೋಗಬೇಕು. ಅವರು ಗೇಟು ತೆರೆದು ಒಂದು ಕಾಲು ಆಚೆ ಇಟ್ಟರು. ಆಗ ಹಿಂದಿನಿಂದ ಯಾರೋ ಕೇಳಿದರು: "ಎಲ್ಲಿಗೆ ಹೊರಟ್ರಿ?"

ದೊಡ್ಡ ದನಿಯಲ್ಲ. ಪಕ್ಕದ ಮನೆಯ ಗೃಹಿಣಿ ರಂಗೋಲಿ ಹಾಕುತ್ತಾ ತಲೆಯೆತ್ತಿ ಕೇಳುವ ಹಾಗೆ, ಅಷ್ಟು ಸಹಜವಾಗಿ. ನಾನು ತಿರುಗಿಯೂ ನೋಡಲಿಲ್ಲ. ಅನಘಾ ಕೇಳಿದಳು ಎಂದುಕೊಂಡೆ. ಅವಳು ಕನ್ನಡದಲ್ಲಿ ಕೇಳುವುದಿಲ್ಲ ಎಂಬುದು ಆ ಆತುರದಲ್ಲಿ ಹೊಳೆಯಲೇ ಇಲ್ಲ.

ಶಿವಾನಂದ ಮಾತ್ರ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದರು. ಟ್ರೈಪಾಡನ್ನು ಗೋಡೆಗೆ ಒರಗಿಸಿ, ಗೋಡೆಯ ಮೇಲಿನ ಹಿಮ ಒರೆಸಿ ಕೂತೇಬಿಟ್ಟರು.

"ಹೊಂಟೋರ್ನ ಎಲ್ಲಿಗೆ ಅಂತ ಕೇಳಬಾರ್ದು ನೋಡು. ಒಂದೀಟು ಕುಂತು, ನೀರು ಕುಡದು ಹೋಗೂಣು" ಎಂದರು.

ನಮ್ಮ ಕಡೆ ಈ ನಂಬಿಕೆ ಯಾರಿಗೆ ಗೊತ್ತಿಲ್ಲ? ಹೊರಟವರನ್ನು ಎಲ್ಲಿಗೆಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಬಿಟ್ಟರೆ ಸ್ವಲ್ಪ ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ನನ್ನ ಗಂಡ ಬೇರೆ ವಿಷಯಗಳಲ್ಲಿ ಪಂಚಾಂಗದ ಕಡೆ ತಲೆ ಹಾಕದವರು, ಇದೊಂದನ್ನು ಮಾತ್ರ ಎಲ್ಲಿದ್ದರೂ ಬಿಡರು. ಡಾಲಸ್ ಏರ್‌ಪೋರ್ಟಿಗೆ ಹೊರಟಾಗಲೂ ಯಾರಾದರೂ ಕೇಳಿದರೆ ಸೂಟ್‌ಕೇಸಿನ ಮೇಲೆ ಕೂತುಬಿಡುತ್ತಾರೆ.

ನನಗೆ ಮೈಯೆಲ್ಲ ಉರಿಯಿತು. "ನಿಮಗೇನು ತಲೆ ಕೆಟ್ಟಿದೆಯಾ? ಬೆಳಕು ಹೋಗ್ತಾ ಇದೆ! ಇಲ್ಲಿವರೆಗೆ ಬಂದಿರೋದು ಗೋಡೆ ಮೇಲೆ ಕೂರೋದಕ್ಕಾ?"

"ಎರಡು ನಿಮಿಷಕ್ಕ ಬೆಟ್ಟ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದು ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ನೀರಿನ ಬಾಟಲಿ ಕೋಣೆಯಲ್ಲೇ ಉಳಿದಿತ್ತು, ಇದ್ದದ್ದು ಕಾಫಿ. ಅದನ್ನೇ ಊದಿ ಊದಿ, ನನ್ನ ಸಿಟ್ಟು ತನಗೆ ಸಂಬಂಧಿಸಿದ್ದೇ ಅಲ್ಲ ಎನ್ನುವ ಹಾಗೆ ಕುಡಿಯತೊಡಗಿದರು. ಅನಘಾ ಕಾರಿಗೊರಗಿ, ಕೈಗಳನ್ನು ಜಾಕೆಟ್ಟಿನ ತೋಳಿನೊಳಗೆ ಎಳೆದುಕೊಂಡು ನಿಂತಿದ್ದಳು. "ಗೈಸ್, ಇಟ್ಸ್ ಫ್ರೀಝಿಂಗ್" ಎಂದಳು. ಬಿಸಿಲು ಬೆಟ್ಟದ ನೆತ್ತಿಯಿಂದ ಜಾರುತ್ತಿತ್ತು. ನಾನೇ ಟ್ರೈಪಾಡ್ ಎತ್ತಿಕೊಂಡು ಹೋಗೋಣವೆಂದು ಕೈ ಚಾಚಿದೆ. ಶಿವಾನಂದ ಎದ್ದು ಅದರ ಕಾಲು ಹಿಡಿದುಕೊಂಡರು. ಗಂಡ ಹೆಂಡತಿ ಹಿಮದಲ್ಲಿ ನಿಂತು ಟ್ರೈಪಾಡ್ ಜಗ್ಗಾಡುತ್ತಿದ್ದೆವು.

ಆಗ ಕೆಳಗಿನಿಂದ ಒಂದು ಸದ್ದು ಬಂತು. ಲಾರಿಯಿಂದ ಜಲ್ಲಿ ಸುರಿದ ಹಾಗೆ. ಸ್ವಲ್ಪ ಹೊತ್ತು ಸುರಿಯುತ್ತಲೇ ಇತ್ತು, ಆಮೇಲೆ ನೀರು ದಡಕ್ಕೆ ಜೋರಾಗಿ ಅಪ್ಪಳಿಸಿದ್ದು ಕೇಳಿಸಿತು. ಗೇಟಿನಲ್ಲಿ ನಿಂತು ನೋಡಿದೆವು. ಬಂಡೆಯ ಹಿಂದಿನ ದಿಬ್ಬ ಇರಲಿಲ್ಲ. ಅಷ್ಟು ದಿನದ ಮಳೆಗೆ ನೆನೆದ ಮಣ್ಣು, ಕಲ್ಲು, ಬೇರು ಸಮೇತ ಒಂದು ಬರ್ಚ್ ಮರ ಎಲ್ಲವೂ ಜಾರಿ ನೀರಿಗೆ ಇಳಿದಿದ್ದವು. ಮೂರು ಕುಳಿಗಳ ನಮ್ಮ ಬಂಡೆ ಅದರ ಅಡಿಯಲ್ಲೆಲ್ಲೋ ಇತ್ತು. ಬಿಳಿ ಹಿಮದ ನಡುವೆ ಕಪ್ಪು ಮಣ್ಣು ಹಸಿಯಾಗಿ ಹೊಳೆಯುತ್ತಿತ್ತು. ಫೋಟೋ ತೆಗೆಯುವವರು ಮುಂದೆ ಇರುವುದನ್ನು ಒಂದಂಗುಲ ಬಿಡದೆ ನೋಡುತ್ತೇವೆ, ಬೆನ್ನ ಹಿಂದೆ ಏನಿದೆ ಎಂದು ನೋಡುವುದಿಲ್ಲ. ಮೂರು ಋತುಗಳಲ್ಲಿ ಒಮ್ಮೆಯೂ ನಾನು ಆ ದಿಬ್ಬವನ್ನು ಸರಿಯಾಗಿ ನೋಡಿರಲಿಲ್ಲ.

ನನ್ನ ಕೈಯಲ್ಲಿ ಇನ್ನೂ ಟ್ರೈಪಾಡಿನ ಒಂದು ಕಾಲಿತ್ತು, ಇನ್ನೊಂದು ಅವರ ಕೈಯಲ್ಲಿ. ಅದನ್ನು ಬಿಟ್ಟು ಅವರ ಜಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅನಘಾ ಓಡಿಬಂದು ನಮ್ಮಿಬ್ಬರನ್ನೂ ಒಟ್ಟಿಗೆ ಅಪ್ಪಿಕೊಂಡಳು. ಅಷ್ಟು ಹೊತ್ತು ಬೈದ ಮನುಷ್ಯ ಕಣ್ಣೆದುರು ಉಸಿರಾಡುತ್ತಾ, ಮೀಸೆಗೆ ಕಾಫಿ ಮೆತ್ತಿಕೊಂಡು ನಿಂತಿರುವುದನ್ನು ನೋಡಿ ನನಗಾದ ನೆಮ್ಮದಿಯನ್ನು ಹೇಗೆ ಹೇಳಲಿ? ಮಗಳು ಹುಟ್ಟಿದಾಗ, ಮಗು ಅತ್ತಿತು ಎಂದು ನರ್ಸ್ ಹೇಳಿದಾಗಲಷ್ಟೇ ಅಂಥ ನೆಮ್ಮದಿ ಆಗಿತ್ತು. ಕಾರಿನಲ್ಲಿ ಕೂತು ಮೂವರೂ ಒಂದಿಡೀ ಡಬ್ಬಿ ಚಕ್ಕುಲಿ ತಿಂದೆವು. ನಡುನಡುವೆ ಸುಮ್ಮಸುಮ್ಮನೆ ನಗುತ್ತಿದ್ದೆವು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಶಿವಾನಂದ ನನ್ನ ಕಡೆ ತಿರುಗಿ, "ಪುಣ್ಯಾತ್ಗಿತ್ತಿ, ಸರಿಯಾದ ಟೈಮಿಗೆ ಕೇಳಿದಿ ನೋಡು" ಎಂದರು.

"ನಾನೆಲ್ಲಿ ಕೇಳಿದೆ? ಇವಳು ಕೇಳಿದ್ದು."

ಅನಘಾ ತಲೆಯಾಡಿಸಿದಳು. "ನಾಟ್ ಮಿ. ಅಮ್ಮ ಅಂದ್ಕೊಂಡೆ" ಎಂದಳು. ಗಾಬರಿಯಾದಾಗ ಅವಳ ಬಾಯಲ್ಲಿ ಕನ್ನಡ ಬರುತ್ತದೆ. ಮೂವರೂ ಹಿಂದಿನ ಗಾಜಿನಿಂದ ನೋಡಿದೆವು. ಖಾಲಿ ರಸ್ತೆ, ಆಚೆ ಹೊಲದಲ್ಲಿ ನಾಲ್ಕಾರು ಕುರಿ. ಹಿಮದ ಮೇಲೆ ನಮ್ಮವೇ ಹೆಜ್ಜೆಗಳು. ಶಿವಾನಂದ ಕಾರು ಸ್ಟಾರ್ಟ್ ಮಾಡಿದರು.

ವಾಪಸು ಬಂದ ಮೇಲೆ ನಾವು ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಗಾಳಿ ಇರಬೇಕು, ಗೇಟಿನ ಕೀಲು ಕಿರುಗುಟ್ಟಿರಬೇಕು, ನಮ್ಮಲ್ಲೇ ಯಾರೋ ಕೇಳಿ ಮರೆತಿರಬೇಕು ಎಂದು ನನ್ನ ಕಡತವನ್ನು ನಾನು ಮುಚ್ಚಿಟ್ಟೆ. ಹಾಗೇ ಇದ್ದುಬಿಡುತ್ತಿತ್ತೇನೋ.

ಅನಘಾ ಈಗ ಆಸ್ಟಿನ್‌ನಲ್ಲೇ ಕೆಲಸದಲ್ಲಿದ್ದಾಳೆ. ದ ಡೊಮೇನ್ ಎಂಬ ಅಂಗಡಿ ಸಂಕೀರ್ಣದ ಹತ್ತಿರ ಅವಳ ಮನೆ. ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ಡ್ರೈವ್ ಮಾಡಿಕೊಂಡು ಹೋಗಿದ್ದೆವು. ಮಧ್ಯಾಹ್ನದ ಊಟಕ್ಕೆ ಕೂತಾಗ ಅವಳ ಗೆಳತಿಯೊಬ್ಬಳು ಬಂದಳು. ಅನಘಾ ಅವಳಿಗೆ ಸ್ಕಾಟ್ಲೆಂಡಿನ ಕತೆ ಹೇಳತೊಡಗಿದಳು. ಅಪ್ಪ ಗೇಟು ತೆಗೆದಿದ್ದು, ಅಮ್ಮ ಕೂಗಾಡಿದ್ದು ಎಲ್ಲವನ್ನೂ ಅಭಿನಯಿಸಿ ನಗಿಸುತ್ತಿದ್ದಳು. ನಾನೂ ನಗುತ್ತಾ ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಿದ್ದೆ.

"ಆ್ಯಂಡ್ ದೆನ್ ದಿಸ್ ಗರ್ಲ್ ಗೋಸ್, ವೇರ್ ಆರ್ ಯೂ ಗೈಸ್ ಹೆಡೆಡ್?" ಎಂದಳು.

ನಾನು ಸೌಟು ಹಿಡಿದುಕೊಂಡೇ ಕೇಳಿದೆ, "ಹುಡುಗೀನಾ? ಇಂಗ್ಲಿಷಲ್ಲಿ ಕೇಳಿದ್ದಾ?"

"ಯಾ. ಲೈಕ್, ನನ್ನ ವಯಸ್ಸಿನ ಹುಡುಗಿ. ವೈ?"

"ಇಲ್ವಲ್ಲೇ. ಮೈಸೂರು ಕಡೆ ಹೆಂಗಸು. ಎಲ್ಲಿಗೆ ಹೊರಟ್ರಿ ಅಂದ್ಲು."

ಶಿವಾನಂದ ತಟ್ಟೆಯಿಂದ ಕೈ ತೆಗೆದಿದ್ದರು. ನಮ್ಮಿಬ್ಬರನ್ನೂ ಒಂದು ಸಲ ನೋಡಿದರು. "ಗಂಡಸು" ಎಂದರು. "ವಯಸ್ಸಾದಾಂವ. ಎತ್ತಾಗ ಹೊಂಟೀರಿ ತಮ್ಮಾ, ಅಂದ. ಚೊಲೋ ನೆನಪೈತಿ ನನಗ."

ಅನಘಾಳ ಗೆಳತಿ ಇದೂ ಕತೆಯ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದಳು. ಅಂದು ಅಲ್ಲಿ ನಾವು ಮೂವರೇ ಇದ್ದದ್ದರಿಂದ, ದನಿ ಎಂಥದೆಂದು ಯೋಚಿಸದೆ ಒಬ್ಬರು ಇನ್ನೊಬ್ಬರದೆಂದು ತಿಳಿದಿದ್ದೆವು. ಗಾಳಿ ಮೂರು ಜನರ ಕಿವಿಯಲ್ಲಿ ಮೂರು ರೀತಿ ಮಾತಾಡುತ್ತದೆಯೆ? ಒಂದೇ ಕ್ಷಣದಲ್ಲಿ ಮೂವರಿಗೂ ಭ್ರಮೆಯಾಗಿ, ಮೂವರ ಭ್ರಮೆಯೂ ಒಂದೇ ಪ್ರಶ್ನೆ ಕೇಳುತ್ತದೆಯೆ? ನನಗೆ ಗೊತ್ತಿಲ್ಲ. ಎಷ್ಟು ಯೋಚಿಸಿದರೂ ಯಾವ ವಿವರಣೆಯೂ ಪೂರ್ತಿ ಹೊಂದುವುದಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅನಘಾ ಮೆಲ್ಲನೆ ಕೇಳಿದಳು, "ಡಿಡ್ ಎನಿ ಆಫ್ ಅಸ್ ಆನ್ಸರ್?"

ಇಲ್ಲ. ನಮ್ಮಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ. ಕೇಳಿದವರು ಯಾರೆಂದು ತಿರುಗಿ ನೋಡುವ ಸೌಜನ್ಯವೂ ನಮಗಿರಲಿಲ್ಲ.

ಸಂಜೆ ಡಾಲಸ್‌ಗೆ ಹೊರಟೆವು. ಮಗಳು ಬಾಗಿಲಲ್ಲಿ ನಿಂತಿದ್ದಳು. ಶಿವಾನಂದ ಕಾರಿನ ಬಾಗಿಲು ಹಾಕುವ ಮೊದಲು ಒಂದು ಕ್ಷಣ ತಡೆದು, ಯಾರೂ ಇಲ್ಲದ ರಸ್ತೆಯ ಕಡೆ ನೋಡಿ, ದೊಡ್ಡವರೆದುರು ಮಾತಾಡುವ ದನಿಯಲ್ಲಿ, "ಮನೀಗೆ ಹೊಂಟೀವ್ರಿ" ಎಂದರು. ಯಾರಿಗೆ ಹೇಳಿದಿರಿ ಎಂದು ನಾನು ಕೇಳಲಿಲ್ಲ. ಸೀಟ್‌ಬೆಲ್ಟ್ ಹಾಕಿಕೊಂಡು, ನಾನೂ ಒಮ್ಮೆ ಹಾಗೆಯೇ ಹೇಳಿದೆ.